ಅವನು ತಂದ ಹಳದಿ ಹಿಟ್ಟು

ಅತ್ತೆ,

ನೀವು ತೀರಿಕೊಂಡಾಗ ಮಾತನಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು: "ಕೊಟ್ರೇಶ ಅಜ್ಜಿ ಕೈಯಾಗ ಬೆಳೆದ ಹುಡುಗ. ಎಷ್ಟು ಶಾಣ್ಯಾ ಅದಾನ!" ಕಣ್ಣೊರೆಸಿಕೊಳ್ಳುತ್ತಲೇ ನನಗೆ ಸಿಟ್ಟು ಬಂತು. ಹೆತ್ತವಳು ನಾನು. ಬೆಳಗಿನ ಬಸ್ಸಿಗೆ ಹರಪನಹಳ್ಳಿಯ ಕಚೇರಿಗೆ ಹೋಗಿ ಕತ್ತಲಾದ ಮೇಲೆ ಕೊಟ್ಟೂರಿಗೆ ಮರಳುತ್ತಿದ್ದವಳು ಯಾರಿಗಾಗಿ ದುಡಿದಳು? ಮಗನನ್ನು ಬೆಳೆಸಿದ್ದರಲ್ಲಿ ನನಗೆ ಪಾಲೇ ಇಲ್ಲವೇ?

ಅವನು ನಾಲ್ಕನೆಯ ತರಗತಿಯಲ್ಲಿದ್ದಾಗ, ಒಂದು ಭಾನುವಾರ, ಜೋಳದ ಡಬ್ಬಿ ಕೊಟ್ಟು ಒಬ್ಬನನ್ನೇ ಹಿಟ್ಟಿನ ಗಿರಣಿಗೆ ಕಳಿಸಿದಿರಿ. ನಾನು ಚಪ್ಪಲಿ ಮೆಟ್ಟಿ ಹಿಂದೆ ಹೊರಟರೆ ನೀವು ಬಾಗಿಲಿಗೆ ಅಡ್ಡ ಕಾಲು ಚಾಚಿ ಕುಳಿತಿರಿ.

"ಎಲ್ಲಿಗ್ ಹೊಂಟಿ?"

"ಇನ್ನಾ ಸಣ್ಣಾಂವ ರೀ ಅತ್ತಿ. ರಸ್ತಾ ದಾಟಬೇಕು."

"ನೀ ಹಿಂದ ಹೋದ್ರ ರಸ್ತಾ ಸಣ್ಣದಾಗತೈತೇನು? ಕುಂದ್ರು, ಬಳ್ಳೊಳ್ಳಿ ಸುಲಿ."

ಮಕ್ಕಳನ್ನು ತಮ್ಮ ಕಾಲ ಮೇಲೆ ನಿಲ್ಲಲು ಬಿಡಬೇಕು ಎಂದು ಎಷ್ಟೋ ಪುಸ್ತಕಗಳಲ್ಲಿ ಓದಿದ್ದೆ, ಅಂಥ ಸಾಲುಗಳ ಕೆಳಗೆ ಗೆರೆಯನ್ನೂ ಎಳೆದಿದ್ದೆ. ಆದರೆ ಆ ದಿನ ಬಳ್ಳೊಳ್ಳಿಯ ಒಂದೊಂದು ಎಸಳು ಸುಲಿದಾಗಲೂ ಬಾಗಿಲ ಕಡೆ ನೋಡಿದೆ.

ಅವನು ತಂದ ಹಿಟ್ಟು ಹಳದಿಯಾಗಿತ್ತು. ಅವನಿಗಿಂತ ಮೊದಲು ಯಾರೋ ಎಮ್ಮೆಗೆಂದು ಮೆಕ್ಕೆಜೋಳ ಬೀಸಿಸಿದ್ದರು; ಗಿರಣಿಯಲ್ಲಿ ಉಳಿದದ್ದು ನಮ್ಮ ಹಿಟ್ಟಿಗೆ ಬೆರೆತಿತ್ತು. ಹಿಂದಿನವರು ಏನು ಹಾಕಿಸಿದರೆಂದು ಕೇಳಿಕೊಳ್ಳಬೇಕೆಂಬುದು ಹುಡುಗನಿಗೆ ಗೊತ್ತಿರಲಿಲ್ಲ. "ಕೊಡ್ರಿ, ಗಿರಣಿಯವನ್ನ ನಾ ಕೇಳ್ತೀನಿ" ಎಂದು ನಾನೆದ್ದರೆ ಡಬ್ಬಿ ಕಿತ್ತುಕೊಂಡಿರಿ. ಆ ಹಿಟ್ಟು ತೀರುವವರೆಗೂ ಅದರದ್ದೇ ರೊಟ್ಟಿ ಬಡಿದಿರಿ. ಅಂಚು ಒಡೆದ, ಗಂಟಲಿಗೆ ಗೀರುವ ರೊಟ್ಟಿ. ಕೊನೆಗೆ ಅವನೇ ಕೇಳಿದ, "ಅಜ್ಜಿ, ರೊಟ್ಟಿ ಯಾಕ ಹಿಂಗ ಹರೀತಾವು?"

"ನನಗೇನು ಗೊತ್ತಲೇ? ಹಿಟ್ಟು ತಂದಾಂವ ನೀನು. ಗಿರಣ್ಯಾಗ ಕೇಳ್ಕೊಂಡು ಬಾ."

ಕೇಳಿಕೊಂಡು ಬಂದ. ಬಾಗಿಲಲ್ಲಿ ನಾನೇ ನಿಂತಿದ್ದೆ. ನನ್ನನ್ನು ಸರಿಸಿ, ಒಳಗೆ ಓಡಿ, ನಿಮಗೆ ಹೇಳಿದ. ಅದನ್ನು ನಾನು ಮರೆತಿದ್ದೇನೆ ಎಂದುಕೊಂಡಿದ್ದಿರಾ?

ನಿಮ್ಮ ದಿನಕರ್ಮ ಮುಗಿದ ಮೇಲೆ ಎಲ್ಲವನ್ನೂ ನಾನೇ ಮಾಡತೊಡಗಿದೆ. ಅವನ ಶಾಲೆಯ ಚೀಲ ತುಂಬಿದೆ, ಬೂಟಿನ ಲಾಡಿ ಕಟ್ಟಿದೆ, ಆರನೆಯ ತರಗತಿಯ ಹುಡುಗನಿಗೆ ತುತ್ತು ಮಾಡಿ ಬಾಯಿಗಿಟ್ಟೆ. ಇನ್ನಾದರೂ ನನ್ನ ಮಗ ನನ್ನವನಾಗುತ್ತಾನೆ ಎಂಬ ಆಸೆ. ಒಂದು ಬೆಳಿಗ್ಗೆ ಚೀಲ ಕಸಿದುಕೊಂಡು, "ಬಿಡವ್ವಾ, ಅಜ್ಜಿ ಇದ್ದಿದ್ರ ಹಿಂಗ ಮಾಡ್ತಿರಲಿಲ್ಲ" ಎಂದ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ಹಾಗೆನ್ನುವವರಿಗೆ ನಿಮ್ಮಂಥ ಅತ್ತೆ ಇರಲಿಲ್ಲ ಬಿಡಿ.

ಮೊನ್ನೆ ಭಾನುವಾರ ಅವನೇ ಹೋಗಿ ಜೋಳ ಬೀಸಿಸಿಕೊಂಡು ಬಂದ. ಹಿಟ್ಟು ಬೆಳ್ಳಗಿತ್ತು. "ಇವತ್ತು ರೊಟ್ಟಿ ನಾ ಬಡಿತೀನಿ" ಎಂದು ಕುಳಿತ. ಮೊದಲನೆಯದನ್ನು ನಿಮ್ಮ ಫೋಟೋದ ಮುಂದಿಟ್ಟ. ಅಲ್ಲಿಯೂ ನೀವೇ ಮುಂದೆ! ಎರಡನೆಯದು ನನಗೆ. ಅಂಚು ಕರಕಲು, ನಡುವೆ ಹಸಿ. ಹೆಂಚಿನ ಹತ್ತಿರ ಹೋಗಲು ಎದ್ದೆ, ಮತ್ತೆ ಕುಳಿತೆ. ತಿನ್ನತೊಡಗಿದೆ. ಅವನು ನನ್ನ ತಾಟಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ. "ಯವ್ವಾ, ಹಸೀ ಐತಲ್ಲ! ಯಾಕ ಹಿಂಗಾತು?"

ನನ್ನನ್ನೇ ಕೇಳಿದ, ಅತ್ತೆ. ನಿಮ್ಮ ಫೋಟೋ ಕಡೆ ನೋಡಲೇ ಇಲ್ಲ.

ಉತ್ತರ ಬಾಯಿಗೆ ಬಂದಿತ್ತು. ನುಂಗಿಕೊಂಡೆ. "ನನಗೇನು ಗೊತ್ತಲೇ? ಬಡಿದಾಂವ ನೀನು" ಎಂದೆ. ಅವನು ಹೆಂಚಿನ ಕೆಳಗೆ ಬಗ್ಗಿ ನೋಡಿ, ಉರಿ ಸಣ್ಣ ಮಾಡಿ, ಮತ್ತೊಂದು ಬಡಿಯತೊಡಗಿದ.

ಮುಂದಿನ ಭಾನುವಾರವೂ ಅವನದೇ ರೊಟ್ಟಿ. ಹೇಗಿದ್ದರೂ ತಿನ್ನುತ್ತೇನೆ, ಬಾಗಿಲಿಗೆ ಅಡ್ಡ ಕಾಲು ಚಾಚಿ, ನಿಮ್ಮ ಜಾಗದಲ್ಲಿ ಕುಳಿತು. ಆ ಜಾಗವನ್ನಂತೂ ಇನ್ನು ನಿಮಗೆ ಬಿಟ್ಟುಕೊಡುವುದಿಲ್ಲ.

ನಿಮ್ಮ ಸೊಸೆ