ಈ ಕೋಣೆಯಲ್ಲಿ ಯಾರೂ ನಗುತ್ತಿಲ್ಲ

ಅಕ್ಕಾ,

ಕ್ಷಮೆ ಕೇಳಲು ಬರೆಯುತ್ತಿದ್ದೇನೆ ಎಂದುಕೊಂಡರೆ ಈ ಕಾಗದವನ್ನು ಇಲ್ಲಿಗೇ ಮಡಚಿಡು. ಶುಕ್ರವಾರ ಸಂಜೆ ನೀನು ಟೀವಿ ಮುಂದೆ ಕೂರಬೇಕು, ಅದನ್ನು ಹೇಳಲು ಬರೆಯುತ್ತಿದ್ದೇನೆ. ನಿನ್ನನ್ನು ಪುಸಲಾಯಿಸಿ ಕೂರಿಸಲು ಯಾರಿಂದಲೂ ಆಗುವುದಿಲ್ಲ ಎಂದು ಗೊತ್ತು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ಆಮೇಲೆ ನಿನ್ನಿಷ್ಟ.

ನಾನು ಬರೆಯುವ ಹಾಸ್ಯ ಧಾರಾವಾಹಿ ‘ಮಹಡಿ ಮೇಲಿನವರು’ ನೀನು ನೋಡಿದ್ದು ಒಂದೇ ಕಂತು. ಬೇರೆ ಗ್ರಹದಿಂದ ಬಂದ ಮೂವರು ಒಬ್ಬ ದರ್ಜಿಯ ಅಂಗಡಿಯ ಮೇಲೆ ಬಾಡಿಗೆಗಿರುತ್ತಾರೆ. ಭೂಮಿಯವರ ರೀತಿನೀತಿ ಕಂಡು ಕಕ್ಕಾಬಿಕ್ಕಿಯಾಗುತ್ತಾರೆ. ತೆರೆದಿರುವ ಬಾಗಿಲನ್ನು ಇವರು ಯಾಕೆ ತಟ್ಟುತ್ತಾರೆ? ಹೊರಟೆವು ಎಂದು ಎದ್ದವರು ಗೇಟಿನ ಹತ್ತಿರ ನಿಂತು ಮತ್ತೆ ಯಾಕೆ ಹರಟೆ ಹೊಡೆಯುತ್ತಾರೆ? ಚೆಂದದ ಕಪ್ಪುಗಳನ್ನೆಲ್ಲ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿ, ಅಂಚು ಒಡೆದದ್ದರಲ್ಲಿ ತಾವು ಯಾಕೆ ಕುಡಿಯುತ್ತಾರೆ? ಇವನ್ನೆಲ್ಲ ಕೇಳುವವಳು ಮೂವರಲ್ಲಿ ನಡುವಿನವಳು. ಅವಳ ಪ್ರಶ್ನೆಗಳೆಲ್ಲ ನಿನ್ನವು. ಅದನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ. ಚಿಕ್ಕಂದಿನಲ್ಲಿ ನೆಂಟರೆಲ್ಲ ನಿನ್ನನ್ನು ಯಾವ ಗ್ರಹದಿಂದ ಇಳಿದು ಬಂದಳೋ ಎಂದು ಆಡಿಕೊಳ್ಳುವಾಗ, ನನಗೆ ಆ ಗ್ರಹಕ್ಕೆ ಹೋಗಬೇಕು ಅನ್ನಿಸುತ್ತಿತ್ತು.

ಮೊದಲ ಕಂತನ್ನು ನೀನು ಚಿಕ್ಕಪ್ಪನ ಮನೆಯವರ ಜೊತೆ ಕೂತು ನೋಡಿದೆ. ಥೇಟ್ ನೀನೇ ಎಂದು ಅವರೆಲ್ಲ ನಿನ್ನ ಬೆನ್ನು ತಟ್ಟಿದರಂತೆ. ಆಮೇಲೆ ನನಗೆ ಫೋನು ಮಾಡಿದೆ. "ಟೀವಿಯೊಳಗೆ ಅಷ್ಟು ಜನ ನಕ್ಕಿದ್ದು ನನ್ನನ್ನ ನೋಡಿ ತಾನೇ?" ಎಂದು ಕೇಳಿದೆ. ಅಲ್ಲಿ ಯಾರೂ ಇಲ್ಲ ಕಣೇ, ಅದು ಎಂದೋ ರೆಕಾರ್ಡ್ ಮಾಡಿಟ್ಟುಕೊಂಡ ನಗು, ಸೌಂಡಿನವರು ಗುಂಡಿ ಒತ್ತುತ್ತಾರೆ ಅಷ್ಟೇ ಎಂದೆ. ಅದಕ್ಕೆ ನೀನು ಅಂದದ್ದು ಇಷ್ಟೇ:

"ಎಲ್ಲಿ ಒತ್ತಬೇಕು ಅಂತ ಗುಂಡಿ ಒತ್ತೋರಿಗೆ ಗೊತ್ತಿರುತ್ತಲ್ಲ."

ಅಂದಿನಿಂದ ನೀನು ನೋಡಿಲ್ಲ. ಆ ಮಾತು ಮಾತ್ರ ದಿನಾ ನನ್ನ ಜೊತೆ ಸ್ಟುಡಿಯೋಗೆ ಬಂದಿದೆ.

ಈಗ ಕೊನೆಯ ಕಂತು. ಅದರಲ್ಲಿ ಕೆಳಗಿನ ದರ್ಜಿ ತೀರಿಕೊಳ್ಳುತ್ತಾನೆ. ನಮ್ಮ ನಿರ್ಮಾಪಕರನ್ನು ನಾವು ಹಿಂದಿನಿಂದ ಕತ್ತರಿ ಎಂದು ಕರೆಯುತ್ತೇವೆ, ಬರೆದದ್ದನ್ನೆಲ್ಲ ಕತ್ತರಿಸುವುದೇ ಅವರ ಕೆಲಸವಾದ್ದರಿಂದ. ಕತ್ತರಿಯವರು ನನ್ನನ್ನು ಕರೆದು ಕಥೆಗೆ ಮಂಗಳ ಹೇಗಾಗಬೇಕೆಂದು ವಿವರಿಸಿದರು. ನಡುವಿನವಳು ದರ್ಜಿಯ ಹೆಂಡತಿಯ ಕೈ ಹಿಡಿದು, ಉಳಿದವರೆಲ್ಲ ಹೇಳುವ ಹಾಗೆಯೇ, ನೋವಿಲ್ಲದೆ ಹೋದರು ಬಿಡಿ ಅನ್ನಬೇಕು. ಅಂದರೆ ಅವಳು ಕೊನೆಗೂ ಮನುಷ್ಯಳಾದಳು. ಎಲ್ಲರೂ ಅಪ್ಪಿಕೊಳ್ಳಬೇಕು. ಮುಗಿಯಿತು.

ನನಗೆ ಮೈಯೆಲ್ಲ ಉರಿದು ಹೋಯಿತು. ಯಾಕೆಂದು ನಿನಗೆ ಗೊತ್ತು.

ಅಪ್ಪ ಹೋದ ದಿನ ಕುರ್ಚಿ ಸಾಲದೆ ಪಕ್ಕದ ಮನೆಯಿಂದ ತಂದಿದ್ದೆವು. ಅಮ್ಮ ಔಷಧಿ ತರಲು ಹೋಗಿದ್ದಾಗ ಅಪ್ಪನ ಉಸಿರು ನಿಂತಿತ್ತು, ಹತ್ತಿರ ಇದ್ದವಳು ನೀನೊಬ್ಬಳೇ. ಬಂದವರೆಲ್ಲ ಒಬ್ಬರಾದ ಮೇಲೊಬ್ಬರು ಅಮ್ಮನ ಕೈ ಹಿಡಿದು, ನೋವಿಲ್ಲದೆ ಹೋದರಲ್ಲ ಎಂದು ಸಮಾಧಾನ ಹೇಳುತ್ತಿದ್ದರು. ಅಮ್ಮ ಗೋಣು ಆಡಿಸುತ್ತಿದ್ದಳು. ಮೂಲೆಯಲ್ಲಿ ಅಪ್ಪನ ಕನ್ನಡಕ ಒರೆಸುತ್ತ ಕೂತಿದ್ದ ನೀನು ತಲೆಯೆತ್ತಿ, "ಇಲ್ಲ, ತುಂಬಾ ನೋವಿತ್ತು. ನಾನು ಪಕ್ಕದಲ್ಲೇ ಇದ್ದೆ" ಅಂದುಬಿಟ್ಟೆ. ಚಿಕ್ಕಪ್ಪ ನಿನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಬಂದು ಬಿಟ್ಟು ಹೋದರು. ಅಲ್ಲಿ ಬಂದವರಿಗೆಂದು ಟೀ ಕಾಸುತ್ತಿದ್ದವಳು ನಾನು. ಆಮೇಲೆ ಆದದ್ದು ಚಿಕ್ಕಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ನಿನ್ನ ಹಿಂದೆಯೇ ಬಂದಳು. ಬಾಗಿಲು ಹಾಕಿದಳು. ನೆಲದ ಮೇಲೆ ಕೂತು ಪಕ್ಕದ ಜಾಗ ತಟ್ಟಿ, "ಇಲ್ಲಿ ಕೂತ್ಕೊ. ಪೂರ್ತಿ ಹೇಳು" ಅಂದಳು. ನೀನು ಹೇಳಿದೆ. ಎಲ್ಲಿ ನೋವಿತ್ತು, ಯಾವಾಗ ಅಪ್ಪ ನಿನ್ನ ಕೈ ಬಿಗಿಯಾಗಿ ಹಿಡಿದರು, ಅಮ್ಮನ ಬಗ್ಗೆ ಏನು ಕೇಳಿದರು, ಎಲ್ಲ. ಆ ದಿನ ಅಮ್ಮ ಅತ್ತದ್ದು ಅಲ್ಲಿ, ಆಗ. ಹೊರಗಿನ ಅಷ್ಟು ಜನ ಸೇರಿ ಕೊಡಲಾಗದ್ದನ್ನು ನೀನು ಕೊಟ್ಟಿದ್ದೆ.

ಅದನ್ನೇ ಬರೆದೆ. ಕತ್ತರಿಯವರು ಮುಖ ಗಂಟು ಹಾಕಿದರು. ಇದು ಹಾಸ್ಯ ಧಾರಾವಾಹಿ ಎಂದು ನೆನಪಿಸಿದರು. ನಾನು ಜಗ್ಗಲಿಲ್ಲ. ಬೇರೆಯವರ ಕೈಯಲ್ಲಿ ತಮಗೆ ಬೇಕಾದ ಹಾಗೆ ಬರೆಸಿ ತಂದರು. ನೀನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗೆ ಈ ಫ್ರೇಮು ನಿಮಗೆ ಒಪ್ಪುವುದಿಲ್ಲ ಎಂದದ್ದಕ್ಕೆ ನಿನ್ನನ್ನು ಹಿಂದಿನ ಕೋಣೆಗೆ ಗಾಜು ಉಜ್ಜಲು ಹಾಕಿದರಲ್ಲ, ಆ ಅಂಗಡಿಯ ಮಾಲೀಕರಿಗೂ ಇವರಿಗೂ ಏನೂ ವ್ಯತ್ಯಾಸವಿಲ್ಲ.

ಶೂಟಿಂಗಿನ ದಿನ ಎರಡೂ ಹಾಳೆ ನಡುವಿನವಳ ಪಾತ್ರದ ನಟಿಯ ಕೈಯಲ್ಲಿದ್ದವು. "ನಂಗೆ ಒಂದೇ ಬಾಯಿಪಾಠ ಆಗಿರೋದು" ಎಂದು ಅವಳು ನನ್ನ ಹಾಳೆ ತೋರಿಸಿದಳು. ಕತ್ತರಿಯವರು ಕೂಗಾಡಿದರು. ಆದರೆ ಊಟದ ಹೊತ್ತಿಗೆ ನಮ್ಮ ಸೆಟ್ಟು ಕಳಚಿ ರಸಪ್ರಶ್ನೆ ಕಾರ್ಯಕ್ರಮದ ವೇದಿಕೆ ಹಾಕಬೇಕಿತ್ತು, ಬಡಗಿಗಳು ಸುತ್ತಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಹೊತ್ತಿಲ್ಲದ್ದರಿಂದ ಇಡೀ ದೃಶ್ಯವನ್ನು ಒಂದೇ ಕ್ಯಾಮೆರಾದಲ್ಲಿ, ನಡುವೆ ಎಲ್ಲೂ ನಿಲ್ಲಿಸದೆ ತೆಗೆದುಬಿಡೋಣ ಎಂದರು ನಿರ್ದೇಶಕರು.

ನಮ್ಮಲ್ಲೊಂದು ಪದ್ಧತಿಯಿದೆ. ನಟರು ನಗುವಿಗೆ ಜಾಗ ಬಿಟ್ಟು ಮಾತಾಡಲಿ ಎಂದು ಶೂಟಿಂಗಿನಲ್ಲೇ ಆ ನಗುವನ್ನು ಕೇಳಿಸುತ್ತೇವೆ. ಗುಂಡಿಯ ಮುಂದೆ ಕೂರುವವರು ಸೌಂಡಿನ ಮಾಮ, ಪಾಪದ ಮನುಷ್ಯ. ನಡುವಿನವಳು ಬಾಯಿ ತೆರೆದರೆ ನಗು ಎಂದು ಅವರ ಬೆರಳಿಗೆ ರೂಢಿಯಾಗಿತ್ತು. "ಇಲ್ಲ, ತುಂಬಾ ನೋವಿತ್ತು" ಎಂದು ಅವಳು ಹೇಳಿದ್ದೇ ತಡ, ನೂರಾರು ಜನರ ನಗು ಸಾವಿನ ಮನೆಯ ತುಂಬ ಕೇಳಿಸಿತು. ನನಗೆ ನೀನು ಫೋನಿನಲ್ಲಿ ಕೇಳಿದ್ದು ನೆನಪಾಯಿತು.

ಅವಳು ನಿಲ್ಲಿಸಲಿಲ್ಲ ಅಕ್ಕ. ನಗು ಬಂದ ಕಡೆಗೆ ತಿರುಗಿದಳು. ಆಮೇಲೆ ಅವಳು ಆಡಿದ್ದು ನಾನು ಬರೆಯದ ಮಾತು.

"ಯಾರು ನಕ್ಕಿದ್ದು? ಈ ಕೋಣೇಲಿ ಯಾರೂ ನಗ್ತಾ ಇಲ್ವಲ್ಲ."

ಮಾಮ ಗುಂಡಿಗಳ ಮೇಲಿಂದ ಕೈ ತೆಗೆದರು. ದೃಶ್ಯ ಮುಗಿಯುವವರೆಗೂ ಮತ್ತೆ ಇಡಲಿಲ್ಲ. ದರ್ಜಿಯ ಹೆಂಡತಿಯ ಪಾತ್ರದವರು ಪಕ್ಕದ ಜಾಗ ತಟ್ಟಿ, ಇಲ್ಲಿ ಕೂತ್ಕೊ, ಪೂರ್ತಿ ಹೇಳು ಅಂದರು. ಎಲ್ಲ ಒಂದೇ ಎಳೆಯಲ್ಲಿ ಬಂದದ್ದರಿಂದ ಕತ್ತರಿಗೆ ಎಲ್ಲೂ ಸಂದು ಸಿಗಲಿಲ್ಲ. ಶುಕ್ರವಾರ ಅದು ಹಾಗೆಯೇ ಬರುತ್ತದೆ. ಮುಂದಿನ ಧಾರಾವಾಹಿಗೆ ನೀನು ಬರಬೇಡ ಎಂದು ಕತ್ತರಿಯವರು ನನಗೆ ಹೇಳಿದರು. ಸರಿ ಎಂದೆ. ಹೊರಡುವಾಗ ಅವರ ತೆರೆದ ಬಾಗಿಲನ್ನು ಬೇಕೆಂದೇ ತಟ್ಟಿ ಬಂದೆ.

ಬೇಜಾರಿಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ನಿನಗೆ ಹಾಗೆ ಹೇಳಿ ದಕ್ಕಿಸಿಕೊಳ್ಳಲು ಆಗುತ್ತದೆಯೇ? ಬೇಜಾರಿದೆ, ಹೆದರಿಕೆಯೂ ಇದೆ. ಆದರೆ ಇನ್ನೊಮ್ಮೆ ಕೂರಿಸಿ ಬರೆ ಎಂದರೂ ಅದನ್ನೇ ಬರೆಯುತ್ತೇನೆ. ನಿನಗೆ ಸುಳ್ಳು ಕಲಿಸುವ ಕೆಲಸ ನನ್ನ ಕೈಯಿಂದ ಆಗುವುದಿಲ್ಲ.

ಶುಕ್ರವಾರ ಚಿಕ್ಕಪ್ಪನ ಮನೆಯವರನ್ನೂ ಪಕ್ಕದಲ್ಲೇ ಕೂರಿಸಿಕೊ. ಯಾರಾದರೂ ನಕ್ಕರೆ ಅವಳು ಕೇಳಿದ್ದನ್ನೇ ಕೇಳು. ಮುಗಿದ ಮೇಲೆ ನನಗೆ ಫೋನು ಮಾಡು. ಚೆನ್ನಾಗಿಲ್ಲ ಅನ್ನಿಸಿದರೆ ಚೆನ್ನಾಗಿಲ್ಲ ಅನ್ನು. ಪೂರ್ತಿ ಹೇಳು, ನಾನು ಕೂತಿರುತ್ತೇನೆ.

ಚಿಕ್ಕವಳು ದೊಡ್ಡವಳನ್ನು ಹರಸಬಾರದಂತೆ. ಯಾಕೆ ಎಂದು ನೀನು ಕೇಳುವವಳೇ, ಅದಕ್ಕೇ ಹರಸುತ್ತೇನೆ: ನಿನ್ನನ್ನು ಸರಿಮಾಡಲು ಬಂದವರೆಲ್ಲ ಸೋತು ಹೋಗಲಿ.

ನಿನ್ನದೇ ಗ್ರಹದವಳು,
ತಂಗಿ