ಮಗಳಿಗೆ ಸಿಗದ ವೀಸಾ ಅಮ್ಮನಿಗೆ ಸಿಕ್ಕಿತು

ಚಿನಕುರುಳಿಯ ಅಮ್ಮನಿಗೆ,

ಇದರ ಜೊತೆಗೆ ನಮ್ಮ ಸೇವಾ ಸಂಸ್ಥೆಯ ಮೊಹರು ಒತ್ತಿದ ಆಹ್ವಾನಪತ್ರವೂ ಇದೆ. ಅದನ್ನು ಕಾರ್ಯದರ್ಶಿ ಮೇಷ್ಟ್ರು ಬರೆದದ್ದು, ಕೆಳಗಿನ ಸಹಿ ನನ್ನದು. ‘ತಾವೂ ತಮ್ಮ ಮಗಳೂ ನಮ್ಮ ಮನೆಗೆ ಬರುವುದು ಅತ್ಯಂತ ಸಂತೋಷದ ವಿಷಯ’ ಎಂದು ಅದರಲ್ಲಿದೆ. ವೀಸಾ ಅಧಿಕಾರಿಗೆ ಅದನ್ನು ತೋರಿಸು. ಈ ಕಾಗದವನ್ನು ಮಾತ್ರ ತೋರಿಸಬೇಡ.

ನಿನ್ನ ಮುಖ ನೋಡುವ ಮೊದಲೇ ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು. ನಿಮ್ಮೂರಿನ ಕಾರ್ಖಾನೆಯ ಹೊಗೆ ಕುಡಿದು ಬೆಳೆಯುವ ಮಕ್ಕಳಿಗೆ ರಜೆಯಲ್ಲಾದರೂ ಒಳ್ಳೆಯ ಗಾಳಿ ಸಿಗಲಿ ಎಂದು ಸಂಸ್ಥೆಯವರು ಸಮುದ್ರದಾಚೆಯಿಂದ ಅವರನ್ನು ಕರೆಸಿ ನಮ್ಮಂಥವರ ಮನೆಗಳಲ್ಲಿ ಇರಿಸುತ್ತಾರೆ. ನಿಮ್ಮ ಅಜ್ಜಂದಿರು ಇಲ್ಲಿಂದಲೇ ಹಡಗು ಹತ್ತಿ ಹೋದವರು, ಹಾಗಾಗಿ ಮಾತಿಗೆ ತೊಡಕಿಲ್ಲ. ಮೊದಲ ವರ್ಷ ನಿನ್ನ ಮಗಳು ಬಂದಾಗ ಹೊಲಿಗೆ ಮೆಷಿನ್ನಿನ ಕೆಳಗೆ ಸೇರಿಕೊಂಡು ಕೆಮ್ಮುತ್ತಿದ್ದಳು. ವಾರ ಕಳೆಯುವುದರೊಳಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹತ್ತಿ ಕೂತು ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರ್ಪಡಿಸುತ್ತಾ ನನಗೇ ಬುದ್ಧಿ ಹೇಳತೊಡಗಿದಳು. ಚಿನಕುರುಳಿ ಎಂದು ಹೆಸರಿಟ್ಟವರು ನಮ್ಮ ಯಜಮಾನರು. ನಮಗಿರುವವನು ಒಬ್ಬ ಮಗ. ಮಾತಿಗೆಲ್ಲ ತೆರಿಗೆ ಕಟ್ಟಬೇಕೇನೋ ಎಂಬಂತೆ ಬಾಯಿ ಮುಚ್ಚಿಕೊಂಡೇ ಬೆಳೆದು ಬೇರೆ ಮನೆ ಮಾಡಿದವನು. “ಇಷ್ಟು ವರ್ಷ ಈ ಮನೇಲಿ ಹೊಲಿಗೆ ಮೆಷಿನ್ ಒಂದೇ ಮಾತಾಡ್ತಿತ್ತು. ಈಗ ಅದಕ್ಕೂ ಬಾಯಿ ತೆಗೆಯೋಕೆ ಬಿಡುವಿಲ್ಲ” ಎಂದು ಬಸ್ಸು ಓಡಿಸಿ ದಣಿದು ಬಂದ ಅವರು ನಗುತ್ತಿದ್ದರು. ಅವಳು ನನ್ನನ್ನು ದೊಡ್ಡಮ್ಮ ಎಂದು ಕರೆದಳು. ಯಾರೂ ಹೇಳಿಕೊಟ್ಟಿದ್ದಲ್ಲ.

ಆದರೆ ಎರಡು ಮಾತಿಗೊಮ್ಮೆ ನೀನು ನುಗ್ಗಿ ಬರುತ್ತಿದ್ದೆ. ಜಡೆ ಹಾಕಲು ಕೂರಿಸಿಕೊಂಡರೆ “ನಮ್ಮಮ್ಮ ಹಿಂಗಲ್ಲ ಹಾಕೋದು.” ಹಣ್ಣು ಹೆಚ್ಚಿದರೆ “ನಮ್ಮಮ್ಮ ಉಪ್ಪು ಉದುರಿಸಿ ಕೊಡ್ತಾಳೆ.” ಎಲ್ಲೋ ಸಮುದ್ರದಾಚೆ ಇದ್ದುಕೊಂಡು ನನ್ನ ಅಡುಗೆಮನೆಯಲ್ಲಿ ಮೊಸರಲ್ಲಿ ಕಲ್ಲು ಹುಡುಕುವ ಈ ಹೆಂಗಸು ಯಾರು ಎಂದು ರೇಗುತ್ತಿತ್ತು. ಹಣ್ಣಿಗೆ ಉಪ್ಪಂತೂ ಉದುರಿಸುತ್ತಿದ್ದೆ.

ಮೂರು ರಜೆ ಹೀಗೆ ಕಳೆದವು. ಹೋದ ವರ್ಷ ನಿಯಮ ಬದಲಾಯಿತು. ಮೊದಲೆಲ್ಲ ಸಂಸ್ಥೆಯ ಒಂದು ಹೊಣೆಪತ್ರಕ್ಕೆ ಅಷ್ಟೂ ಮಕ್ಕಳಿಗೆ ವೀಸಾ ಸಿಗುತ್ತಿತ್ತು. ಈಗ ಅಪ್ಪ, ಅಮ್ಮ ಇಬ್ಬರೂ ವೀಸಾ ಕಚೇರಿಗೆ ಖುದ್ದಾಗಿ ಹೋಗಿ ಒಪ್ಪಿಗೆ ಕೊಡಬೇಕಂತೆ. ಉಳಿದ ಮಕ್ಕಳ ಅಪ್ಪಂದಿರು ರಜೆ ಹಾಕಿ ಹೋದರು. ನಿನ್ನ ಗಂಡನನ್ನು ನೀನು ಬಿಟ್ಟು ಬಂದಾಗ ಇವಳಿನ್ನೂ ಅಂಬೆಗಾಲಿಡುತ್ತಿದ್ದಳಂತೆ. ಕಾಗದದಲ್ಲಿ ಮಾತ್ರ ಅವನು ಅಪ್ಪನಾಗಿಯೇ ಉಳಿದಿದ್ದ, ಅವನ ಒಪ್ಪಿಗೆ ಬರಲಿಲ್ಲ.

ನಾನು ಮೇಷ್ಟ್ರ ಬೆನ್ನು ಹತ್ತಿ ಇಲ್ಲಿನ ವಲಸೆ ಕಚೇರಿಗೆ ಹೋದೆ. ಗಾಜಿನ ಕಿಟಕಿಯ ಆಚೆಯಿದ್ದ ಹುಡುಗಿ ಒರಟೇನಲ್ಲ, ಪಾಪ. “ಮಗು ನಿಮಗೇನಾಗಬೇಕಮ್ಮ?” ಎಂದು ಕೇಳಿದಳು. ದೊಡ್ಡಮ್ಮ ಅಂದೆ. “ಅಂದ್ರೆ ಅವರಮ್ಮನ ಅಕ್ಕನಾ?” ಅಂದಳು. ಅಲ್ಲ ಅಂದೆ. “ಅಪ್ಪನ ಕಡೆಯಿಂದ?” ಅದೂ ಅಲ್ಲ. ಹಿಂದೆ ಸಾಲಿನಲ್ಲಿದ್ದವರು ಕಾಲು ಬದಲಿಸುತ್ತಿದ್ದರು. “ಹಂಗಾದ್ರೆ ಏನೂ ಆಗಬೇಕಿಲ್ಲ” ಎಂದು ಅವಳು ತನಗೆ ತಾನೇ ಹೇಳಿಕೊಂಡು ಬರೆದುಕೊಂಡಳು. ಮೂರು ವರ್ಷ ಆ ಮಗುವಿನ ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ ನಾನು ಏನೂ ಆಗಬೇಕಿಲ್ಲ. ನಾನು ಮುಖವನ್ನೇ ನೋಡಿರದ ನೀನು ಎಲ್ಲವೂ ಆಗಬೇಕು. ಅಂದು ಬಸ್ಸಿನಲ್ಲಿ ಕೂತು ನಿನ್ನನ್ನು ಬೈದಷ್ಟು ಆ ಕಚೇರಿಯವರನ್ನೂ ಬೈಯಲಿಲ್ಲ.

ಆಮೇಲೆ ಆದದ್ದು ನಿನಗೇ ಗೊತ್ತು. ಐದು ಮಕ್ಕಳಿಗೆ ವೀಸಾ ಬಂತು. ಆ ವರ್ಷದ ಸರದಿಯಂತೆ ಅವರ ಜೊತೆಗೆ ಬರಬೇಕಾದ ಹೆಂಗಸಿಗೂ ಬಂತು. ಆ ಹೆಂಗಸು ನೀನು. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಾ, “ಮಗಳಿಗಿಲ್ಲ, ಅಮ್ಮನಿಗಿದೆ. ಅವರು ಬರದಿದ್ರೆ ಆ ಐದು ಮಕ್ಕಳೂ ಬರೋ ಹಾಗಿಲ್ಲ. ನಿಮ್ಮ ಮನೇಲೇ ಇಳಿಸ್ಕೋತೀರಾ?” ಎಂದು ಕೇಳಿದರು. ಬೇಡ ಎನ್ನಲು ಬಾಯಿ ತೆರೆದೆ. “ಆಗಲಿ” ಎಂಬ ಮಾತು ಬಂತು. ನಿನ್ನನ್ನೊಮ್ಮೆ ನೋಡಬೇಕಿತ್ತು.

ನೀನು ಬಂದ ದಿನ, ಅವಳಿಗಾಗಿ ಹೊಲಿದ ನೀಲಿ ಫ್ರಾಕು ಕೋಣೆಯ ಮೊಳೆಗೆ ನೇತುಬಿದ್ದಿತ್ತು. ನೀನು ಚೀಲ ಕೂಡ ಇಳಿಸದೆ ಅದರ ಅಂಚು ಹಿಡಿದು ನೋಡಿ, “ಸ್ವಲ್ಪ ಗಿಡ್ಡ ಆಗತ್ತೆ ಅಕ್ಕಾ. ಅವಳು ಬೆಳೆದುಬಿಟ್ಟಿದಾಳೆ” ಅಂದೆ. ಊರಿನ ಅರ್ಧದಷ್ಟು ಮಕ್ಕಳ ಸಮವಸ್ತ್ರ ಹೊಲಿಯುವವಳು ನಾನು. ಯಾರ ಅಳತೆಯನ್ನಾದರೂ ಕಣ್ಣಿನಲ್ಲೇ ಹಿಡಿಯುವವಳು. ನನಗೆ ಆ ಮಾತು ಎಲ್ಲಿ ನಾಟಿತು ಎಂದು ನಿನಗೆ ಹೇಗೆ ತಿಳಿಯಬೇಕು? “ನನ್ನ ಅಳತೆ ತಪ್ಪಲ್ಲ” ಎಂದು ಫ್ರಾಕನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟೆ.

ಅಲ್ಲಿಂದ ಮುಂದೆ ದಿನಕ್ಕೊಂದು ಉರಿ. ಮಂಡಿ ಮಡಚಿ, ಕೆನ್ನೆಯ ಕೆಳಗೆ ಅಂಗೈ ಇಟ್ಟುಕೊಂಡು ಮಲಗುವುದು ಅವಳದೇ ರೀತಿ ಎಂದುಕೊಂಡಿದ್ದೆ. ನೀನೂ ಹಾಗೆಯೇ ಮಲಗುತ್ತಿದ್ದೆ. ದಾರ ಕಚ್ಚುವಾಗ ಅವಳು ಗುನುಗುವ ಹಾಡು ನನ್ನ ಮೆಷಿನ್ನಿನ ಸದ್ದಿಗೆ ಹುಟ್ಟಿದ್ದು ಎಂದು ಯಜಮಾನರ ಮುಂದೆ ಎಷ್ಟೋ ಸಲ ಜಂಬ ಕೊಚ್ಚಿಕೊಂಡಿದ್ದೆ. ನೀನು ಪಾತ್ರೆ ತೊಳೆಯುತ್ತಾ ಅದನ್ನೇ ಗುನುಗಿದೆ, ಅದೂ ಪೂರ್ತಿಯಾಗಿ. ಅವಳಿಗೆ ಬರುತ್ತಿದ್ದುದು ಅರ್ಧ ಮಾತ್ರ. ನನ್ನದು ಎಂದು ಕೂಡಿಟ್ಟುಕೊಂಡಿದ್ದನ್ನೆಲ್ಲ ನೀನು ಒಂದೊಂದಾಗಿ ವಾಪಸು ತೆಗೆದುಕೊಳ್ಳುತ್ತಿರುವಂತೆ ಅನಿಸುತ್ತಿತ್ತು.

ಆ ಭಾನುವಾರದ ಫೋನು ನೆನಪಿದೆಯೇ? ನೆರೆಮನೆಯಲ್ಲಿ ಬಿಟ್ಟು ಬಂದಿದ್ದ ಮಗಳ ಜೊತೆ ನೀನು ಎರಡು ಮಾತಾಡಿರಲಿಲ್ಲ, “ದೊಡ್ಡಮ್ಮಂಗೆ ಕೊಡು, ದೊಡ್ಡಮ್ಮಂಗೆ ಕೊಡು” ಎಂದು ಆ ಕಡೆಯಿಂದ ಒಂದೇ ಹಟ. ನಾನು ಗೆದ್ದವಳ ಹಾಗೆ ಫೋನು ಇಸಿದುಕೊಂಡೆ. ಬೇಕೆಂದೇ ಬಹಳ ಹೊತ್ತು ಮಾತಾಡಿದೆ. ಇಟ್ಟಮೇಲೆ ನೋಡಿದರೆ ನೀನು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು ನಿಂತಿದ್ದೆ.

“ಪ್ರತಿ ವರ್ಷ ನಿಮ್ಮ ಮನೆಯಿಂದ ವಾಪಸ್ ಬಂದವಳು ತಿಂಗಳುಗಟ್ಟಲೆ ನನ್ನ ಅಡುಗೆಗೆ ಮೂಗು ಮುರೀತಾಳೆ ಅಕ್ಕಾ. ದೊಡ್ಡಮ್ಮನ ಮನೇಲಿ ಕಿಟಕಿ ತೆಗೆದರೆ ಗಾಳಿ ಬರತ್ತೆ ಅಂತಾಳೆ. ನಮ್ಮನೇಲಿ ಕಿಟಕಿ ತೆಗೆದರೆ ಬೂದಿ ಬರತ್ತೆ, ನಾನೇನು ಮಾಡ್ಲಿ? ವೀಸಾ ಇಲ್ಲ ಅಂದಾಗ ಅವಳು ಅತ್ತಳು. ನಾನೂ ಅತ್ತೆ. ಆದ್ರೆ ಒಳಗೊಳಗೇ ನಂಗೆ ಸಮಾಧಾನ ಆಯ್ತು, ಗೊತ್ತಾ? ಅವರಪ್ಪ ಪಕ್ಕದ ಊರಲ್ಲೇ ಇದಾನೆ. ನಾನು ಹೋಗಿ ಕೇಳ್ಲಿಲ್ಲ. ಕೇಳಿದ್ರೆ ಮಗಳೇ ಬೇಕು ಅಂತಾನೆ ಅನ್ನೋ ಭಯ ಒಂದು ಕಡೆ. ಈ ಒಂದು ವರ್ಷ ಆದ್ರೂ ಅವಳು ನನ್ನವಳಾಗೇ ಇರ್ಲಿ ಅನ್ನೋ ಆಸೆ ಇನ್ನೊಂದು ಕಡೆ.”

ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನ ಹೊಟ್ಟೆಕಿಚ್ಚಿಗೆ ಮಗುವಿನ ಎದೆ ಬಲಿಯಾಗಬೇಕಾ ಎಂದು ಕೂಗಾಡಿದೆ. “ನಿಮಗಿಲ್ವಾ?” ಎಂದು ನೀನು ಕೇಳಿದೆ, ಅಷ್ಟೇ. ನಾನು ಎದ್ದು ಹೋಗಿ ಮೆಷಿನ್ ತುಳಿಯತೊಡಗಿದೆ. ಕೆಳಗೆ ಬಟ್ಟೆಯೇ ಇರಲಿಲ್ಲ.

ಕೆಲವು ದಿನ ನಾವಿಬ್ಬರೂ ಮಾತು ಬಿಟ್ಟೆವು. “ಉಪ್ಪು ಕೊಡಲು ಹೇಳಿ”, “ನೀರು ಕಾದಿದೆ ಅಂತ ಹೇಳಿ” ಎಂದು ಎಲ್ಲವೂ ಯಜಮಾನರ ಮೂಲಕವೇ. ಕೊನೆಗೆ ಅವರು, “ನಾನು ಬಸ್ಸಲ್ಲೂ ಜನರನ್ನ ಅಲ್ಲಿಂದಿಲ್ಲಿಗೆ ಸಾಗಿಸ್ತೀನಿ, ಮನೇಲಿ ನಿಮ್ಮ ಮಾತನ್ನೂ ಸಾಗಿಸಬೇಕಾ? ಟಿಕೆಟ್ ಆದ್ರೂ ತಗೊಳ್ರಮ್ಮ” ಅಂದರು. ನಿನಗೆ ನಗು ಬಂತು. ನನಗೂ ಬಂತು, ಆದರೆ ತೋರಿಸಿಕೊಳ್ಳಲಿಲ್ಲ. ಮರುದಿನ ನೀನೇ ಮೇಷ್ಟ್ರ ಹತ್ತಿರ ಹೋಗಿ, ಮಗಳ ಪೂರ್ತಿ ಹೊಣೆ ತಾಯಿಯೊಬ್ಬಳದೇ ಎಂದು ನ್ಯಾಯಾಲಯದಿಂದ ಆದೇಶ ತರುವುದು ಹೇಗೆಂದು ಕೇಳಿಕೊಂಡು ಬಂದೆ. ಊರಿಗೆ ಹೋದವಳು ಅವಳಪ್ಪನ ಎದುರೇ ನಿಂತು, ಅವನ ವಕೀಲ ಕೇಳಬಾರದ್ದನ್ನೆಲ್ಲ ಕೇಳಿದರೂ ಅಲುಗದೆ ಗೆದ್ದೆಯಂತೆ. ಮೇಷ್ಟ್ರು ಹೇಳಿದಾಗ ನನ್ನ ಕಣ್ಣು ತುಂಬಿತು. ಜೊತೆಗೆ, ಇಷ್ಟು ಗಟ್ಟಿಗಿತ್ತಿಯೂ ಆಗಿರಬೇಕಿತ್ತೇ ಇವಳು ಎಂದು ಸಣ್ಣಗೆ ಉರಿಯಿತು ಕೂಡ.

ಇನ್ನು ನಿನ್ನ ಒಬ್ಬಳ ಒಪ್ಪಿಗೆ ಸಾಕು, ಈ ರಜೆಗೆ ಅವಳು ಬರುತ್ತಾಳೆ ಎಂದು ನಾನು ಹಿಗ್ಗಿ ಕೂತಿದ್ದೆ. ಕಳೆದ ವಾರ ಅವಳು ಫೋನು ಮಾಡಿದಳು. ನಿನಗೆ ಗೊತ್ತಿಲ್ಲದೆ ಮಾಡಿದ್ದಂತೆ, ಬೈಯಬೇಡ.

“ಅಮ್ಮನ್ನೂ ಕರೀರಿ ದೊಡ್ಡಮ್ಮ. ಇಲ್ದಿದ್ರೆ ನಾನೂ ಬರಲ್ಲ. ಅಮ್ಮಂಗೆ ನನಗಿಂತ ಜಾಸ್ತಿ ಕೆಮ್ಮು. ನಿಮ್ಮನೆಯಿಂದ ಬಂದಾಗ ಎಷ್ಟೋ ದಿನ ಕೆಮ್ಮೇ ಇರ್ಲಿಲ್ಲ ಗೊತ್ತಾ? ರಾತ್ರಿ ಪೂರ್ತಿ ನಿದ್ದೆ ಮಾಡ್ತಿದ್ಲು.”

ನೀನು ಬಂದ ಹೊಸತರಲ್ಲಿ ಕೆಮ್ಮುತ್ತಿದ್ದುದು ನನಗೆ ಕೇಳಿಸಿರಲಿಲ್ಲವೇ? ಕೇಳಿಸಿತ್ತು. ಕೆಮ್ಮು ಕೂಡ ಮಗಳಿಗೆ ಇವಳದೇ ಬಂದಿದೆಯಲ್ಲ ಎಂದು ಅದಕ್ಕೂ ಕರುಬಿದ್ದೆನೇ ಹೊರತು, ಆ ಹೊಗೆ ಮಕ್ಕಳ ಮೂಗನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ ಎಂದು ಹೊಳೆದಿರಲಿಲ್ಲ.

ಮಕ್ಕಳ ಜೊತೆ ಬರುವ ಸರದಿ ಈ ಸಲ ಬೇರೆಯವರದು. ದೊಡ್ಡವರನ್ನು ಅತಿಥಿಯಾಗಿ ಕರೆಸುವ ಪದ್ಧತಿ ಸಂಸ್ಥೆಯಲ್ಲಿಲ್ಲ. ಸಭೆಯಲ್ಲಿ ಎದ್ದು ನಿಂತು, “ಪದ್ಧತಿ ನಾವೇ ಮಾಡಿದ್ದು ತಾನೇ? ಇವರಿಗೆ ನಾನೇ ಹೊಣೆ” ಅಂದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಒಬ್ಬಿಬ್ಬರು ಕೊಸರಾಡಿದರು. ಮೇಷ್ಟ್ರು ಮಾತ್ರ ನನ್ನ ಮುಖವನ್ನೇ ನೋಡುತ್ತಾ, “ಯೋಚನೆ ಮಾಡಿ ಹೇಳ್ತಿದೀರಾ?” ಅಂದರು. ಅವರಿಗೆ ಎಲ್ಲವೂ ಗೊತ್ತು. ಯೋಚನೆ ಮಾಡಿದ್ದರೆ ಹೇಳುತ್ತಿರಲಿಲ್ಲವೇನೋ.

ಆದ್ದರಿಂದ ಬಾ. ನನ್ನ ಹೊಟ್ಟೆಕಿಚ್ಚು ಆರಿದೆ ಎಂದು ಮಾತ್ರ ತಿಳಿಯಬೇಡ. ನೀನು ಅವಳ ಜಡೆ ಹಾಕುವಾಗ ನಾನು ಎದ್ದು ಹೊರಗೆ ಹೋಗಬಹುದು. ನೀವಿಬ್ಬರೂ ಸೇರಿ ಗುನುಗಿದರೆ ಮೆಷಿನ್ನನ್ನು ಜೋರಾಗಿ ತುಳಿಯಬಹುದು. ಅದಕ್ಕೆಲ್ಲ ಬೇಸರಪಡದೆ ಕಿಟಕಿಯ ಪಕ್ಕದಲ್ಲಿ ಮಲಗಿ ಚೆನ್ನಾಗಿ ನಿದ್ದೆ ಮಾಡು.

ಒಂದೇ ಒಂದು ಕೇಳಿಕೆ. ವಿಮಾನ ನಿಲ್ದಾಣದಲ್ಲಿ ಅವಳು ನಿನ್ನ ಕೈ ಹಿಡಿದುಕೊಂಡೇ ಹೊರಗೆ ಬರುತ್ತಾಳೆ. ಹಾಗೆಯೇ ಬರಲಿ. ಬಾಗಿಲು ದಾಟಿ ನಾನು ಕಣ್ಣಿಗೆ ಬಿದ್ದಾಗ ಮಾತ್ರ ಒಂದು ಗಳಿಗೆ ಆ ಕೈ ಸಡಿಲಿಸು. ಓಡಿ ಬಂದು ನನ್ನನ್ನು ಅಪ್ಪಿಕೊಳ್ಳಲಿ. ಆಮೇಲೆ ತಿರುಗಿ ನಿನ್ನ ಹತ್ತಿರವೇ ಹೋಗುತ್ತಾಳೆ. ಹೋಗಲಿ.

ಗಾಳಿ ನಿಮ್ಮ ಕಡೆಗಿರಲಿ, ದಾರಿ ಸುಸೂತ್ರವಾಗಲಿ. ಇಬ್ಬರೂ ತಣ್ಣಗೆ ಬಂದು ಸೇರಿ.

ಕಾಯುತ್ತಿರುವ,
ನಿನ್ನ ಅಕ್ಕ