ಅಕ್ಕನ ಟ್ಯಾಬ್‌ಗೆ ಸಿಮ್

ಮಾರ್ಚ್ ೧೪, ಗುರುವಾರ

ಇವತ್ತು ಅಕ್ಕನ ಮುಖ ನೋಡಲು ನನ್ನಿಂದ ಆಗುತ್ತಿಲ್ಲ.

ಈ ಪರದೇಶದಲ್ಲಿ ಇಳಿದ ದಿನ ಮತ್ತೊಂದು ಸಿಮ್‌ಗಾಗಿ ಸಾಲಿನಲ್ಲಿ ನಿಲ್ಲಲು ಬೇಜಾರಾಗಿ, "ನಿನ್ನ ಟ್ಯಾಬ್‌ಗೆ ಸಿಮ್ ಹಾಕೋಕೆ ಆಗಲ್ಲ, ನನ್ನ ಫೋನಿಂದಾನೇ ನೆಟ್ ಕೊಡ್ತೀನಿ" ಎಂದು ಕೈಸನ್ನೆಯಲ್ಲಿ ಸುಳ್ಳು ಹೇಳಿಬಿಟ್ಟೆ. ಕಿವಿ ಕೇಳದ ಅಕ್ಕ ನಂಬಿದಳು.

ಲಾಡ್ಜಿನ ವೈಫೈ ಕೆಟ್ಟಿದೆ. ಗೊತ್ತಿದ್ದೂ ಬೆಳಿಗ್ಗೆ ಫೋನನ್ನು ಜೇಬಿಗಿಳಿಸಿಕೊಂಡು ಒಬ್ಬನೇ ಊರು ಸುತ್ತಲು ಹೋದೆ. ಅದೇ ಹೊತ್ತಿಗೆ ಅವಳ ಮಗಳಿಗೆ ಹೆರಿಗೆಯಾಗಿದೆ. ಮಗುವನ್ನು ತೋರಿಸಲು ಅಳಿಯ ಅಕ್ಕನ ಟ್ಯಾಬ್‌ಗೆ ಏಳು ಸಲ ವಿಡಿಯೊ ಕರೆ ಮಾಡಿದ್ದಾನೆ. ಮಧ್ಯಾಹ್ನ ನಾನು ಬಂದು ನೆಟ್ ಕೊಟ್ಟ ಮೇಲೆಯೇ ಅಕ್ಕನಿಗೆ ತಾನು ಅಜ್ಜಿಯಾದದ್ದು ತಿಳಿದದ್ದು.

ಬೇರೇನಾದರೂ ದಾರಿ ಇದೆಯಾ ಕೇಳೋಣವೆಂದು ಸಂಜೆ ಅವಳೇ ನನ್ನನ್ನು ಮೊಬೈಲ್ ಅಂಗಡಿಗೆ ಎಳೆದುಕೊಂಡು ಹೋದಳು. ಅಂಗಡಿಯಾಕೆ ಟ್ಯಾಬ್‌ನ ಅಂಚಿಗೆ ಪಿನ್ನು ಚುಚ್ಚಿದಳು, ಸಿಮ್ ಇಡುವ ತಟ್ಟೆ ಹೊರಬಂತು.

"ಜಾಗ ಇಲ್ಲೇ ಇದೆಯಲ್ಲ, ನಿಮಗೆ ಗೊತ್ತಿರ್ಲಿಲ್ವಾ?" ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದಳು.

ಅಂಗಡಿಯಾಕೆಯ ಮುಖ ನೋಡಿಯೇ ಅಕ್ಕನಿಗೆ ಪ್ರಶ್ನೆ ಅರ್ಥವಾಯಿತು. "ಪಾಪ, ನನ್ನ ತಮ್ಮನಿಗೆ ಇದೆಲ್ಲ ತಿಳಿಯಲ್ಲ, ಬೈಬೇಡಿ ಅಂತ ಹೇಳು" ಎಂದು ನನಗೆ ಸನ್ನೆ ಮಾಡಿದಳು. ಆ ಮಾತನ್ನು ಅಂಗಡಿಯಾಕೆಗೆ ನಾನೇ ಬಾಯಿಬಿಟ್ಟು ಹೇಳಿದೆ.

ಪಕ್ಕದ ಮಂಚದಲ್ಲಿ ಅಕ್ಕ ಇನ್ನೂ ಮೊಮ್ಮಗುವನ್ನು ನೋಡುತ್ತಿದ್ದಾಳೆ. ದೊಡ್ಡ ದೀಪ ಹಾಕಿದರೆ ನನ್ನ ಕೈಸನ್ನೆ ಅವಳಿಗೆ ಕಾಣುತ್ತದೆ. ನಿಜ ಹೇಳಿಬಿಡಬೇಕು. ಏಳಬೇಕು, ಆದರೆ ಕೂತಲ್ಲೇ ಇದನ್ನು ಬರೆಯುತ್ತಿದ್ದೇನೆ.